ಹಕ್ಕಿ ನೋಡಲು ಬಂದವರ ಬೆನ್ನುಹತ್ತಿದ ಸುಂದರಬಾಯಿ

ಮುಡಬಿಯ ಸುಂದರಬಾಯಿ ಯಾರನ್ನೂ ಸುಲಭಕ್ಕೆ ನಂಬುವ ಹೆಣ್ಣಲ್ಲ. ಬಳೆಗಾರ ಬಂದರೆ ಒಂದೊಂದು ಬಳೆಯನ್ನೂ ಬಿಸಿಲಿಗೆ ಹಿಡಿದು ಬಿರುಕು ಹುಡುಕುವಳು. ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟು ಹರಿದು ಕೊಟ್ಟರೆ ಪಕ್ಕದಲ್ಲಿ ಕೂತವರ ಟಿಕೇಟಿನ ಜೊತೆ ಹೋಲಿಸಿ ನೋಡುವಳು. ಪುರಾಣ ಹೇಳಲು ಬಂದ ಸ್ವಾಮಿಗಳು ಶರಣರ ಕಷ್ಟ ಹೇಳುತ್ತ ಕಣ್ಣೀರು ಹಾಕಿದರೆ, ಆ ನೀರು ಖರೆಯೋ ಏನೋ ಎಂದು ಮರುದಿನ ಮುಂದಿನ ಸಾಲಿಗೇ ಹೋಗಿ ಕೂರುವಳು. ಗಂಡ ಬಸವಣಪ್ಪ ಇದಕ್ಕೆಲ್ಲ ನಕ್ಕು ಸುಮ್ಮನಾಗುವ ಮನುಷ್ಯ. ಎತ್ತಿನ ಮೈ ತಿಕ್ಕುವುದು, ಸೋಮವಾರದ ಭಜನೆಗೆ ತಾಳ ಹಾಕುವುದು, ಹೆಂಡತಿ ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನುವುದು, ಇಷ್ಟರಲ್ಲೇ ಅವನ ಬದುಕು ಸರಾಗವಾಗಿ ನಡೆದಿತ್ತು.

ಸುಂದರಬಾಯಿಗೆ ಈ ಸಂಶಯ ತವರಿನಿಂದ ಬಂದದ್ದಲ್ಲ. ಬೇಮಳಖೇಡದಿಂದ ಸೊಸೆಯಾಗಿ ಮುಡಬಿಗೆ ಬಂದ ವರ್ಷವೇ ಅದು ಅವಳಿಗೆ ಅಂಟಿಕೊಂಡಿತು. ಆಗ ಅವಳ ಮಾವನಿಗೆ ಊರ ಕೆಳಗೆ, ಕರಿನಾಲಾ ಹಳ್ಳದ ದಂಡೆಗೆ ಹತ್ತಿದಂತೆ ಎರೆಹೊಲವಿತ್ತು. ಒಂದು ದಿನ ಅಲ್ಲಿಗೆ ಮೂರು ಕಾಲಿನ ಯಂತ್ರ, ಕೆಂಪು ಬಿಳಿ ಬಣ್ಣದ ಕೋಲು ಹಿಡಿದು ಪ್ಯಾಂಟಿನವರು ನಾಲ್ಕು ಮಂದಿ ಬಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು, "ಏನ್ ಮಾಡಾಕತ್ತೀರೋ ಯಪ್ಪಾ?" ಎಂದು ಕೇಳಿದಳು. ಅವರಲ್ಲೊಬ್ಬ ಲೋಟ ಕೆಳಗಿಡುತ್ತ, "ಏನಿಲ್ಲವ್ವಾ, ಸುಮ್ಮ ನೋಡಾಕತ್ತೀವಿ" ಅಂದ. ಸುಮ್ಮನೆ ನೋಡಿ ಹೋದವರ ಹಿಂದೆ ನೋಟೀಸು ಬಂತು, ನೋಟೀಸಿನ ಹಿಂದೆ ಕಲ್ಲು ಮಣ್ಣಿನ ಲಾರಿಗಳು ಬಂದವು. ಕರಿನಾಲಾಕ್ಕೆ ಒಡ್ಡು ಬಿತ್ತು. ಮಾವನ ಹೊಲ ನೀರಿನ ಕೆಳಗೆ ಹೋಯಿತು.

ಆದರೆ ಹೊಲ ಪೂರ್ತಿಯಾಗಿ ಸಾಯಲಿಲ್ಲ. ದೀಪಾವಳಿ ಕಳೆದು ನೀರು ಹಿಂದೆ ಸರಿಯತೊಡಗಿದರೆ, ಮುಳುಗಿದ ಹೊಲ ಒಂದೊಂದೇ ಮೊಳ ಮೇಲೆ ಏಳುತ್ತಿತ್ತು. ಹೊಸ ಕೆಸರು ಹೊದ್ದು ಬರುತ್ತಿದ್ದ ಆ ಮಣ್ಣಿಗೆ ಕಡಲೆ ಚೆಲ್ಲಿದರೆ ಸಾಕು, ನೀರು ಹಾಯಿಸುವ ಕೆಲಸವಿರಲಿಲ್ಲ. ಬೇಸಿಗೆಗೆ ಸೌತೆ, ಕಲ್ಲಂಗಡಿ ಬಳ್ಳಿ. "ನಮ್ಮ ಹೊಲ ವರ್ಷಾ ತವರಮನಿಗೆ ಬರ್ತದ" ಎಂದು ಸುಂದರಬಾಯಿ ಹೇಳುತ್ತಿದ್ದಳು. ಅವಳಂತೆ ಊರಿನ ಇನ್ನೂ ಹತ್ತಾರು ಮನೆಯವರು ಕೆರೆಯ ಅಂಗಳದಲ್ಲಿ ಬಿತ್ತುತ್ತಿದ್ದರು. ಯಾರ ಕೈಯಲ್ಲೂ ಕಾಗದವಿರಲಿಲ್ಲ. ಆ ನೆಲ ಈಗ ಸರಕಾರದ್ದು ಎಂಬುದು ಎಲ್ಲರಿಗೂ ಗೊತ್ತಿದ್ದರೂ ಬಾಯಿಬಿಟ್ಟು ಆಡುವವರಿರಲಿಲ್ಲ. ಯಾವನಾದರೂ ಒಂದು ದಿನ ಬಂದು ಕೇಳುತ್ತಾನೆ ಎಂಬ ಅಂಜಿಕೆ ಮಾತ್ರ ಅವಳ ಎದೆಯಲ್ಲಿ ಮುಳ್ಳಿನಂತೆ ಇತ್ತು.

ತೊಂಬತ್ತೇಳರ ಜನವರಿಯಲ್ಲಿ ಅವರು ಬಂದೇಬಿಟ್ಟರು.

ಬೆಳಗಿನ ಮಂಜು ಇನ್ನೂ ನೀರಿನ ಮೇಲಿತ್ತು. ಸುಂದರಬಾಯಿ ಕಡಲೆ ಹೊಲದಲ್ಲಿ ಡಬ್ಬಿ ಬಡಿಯುತ್ತ ಬಾತು ಓಡಿಸುತ್ತಿದ್ದಳು. ತಲೆಯ ಹಿಂದೆ ಎರಡು ಕಪ್ಪು ಗೆರೆ ಎಳೆದಂತಿರುವ ದೊಡ್ಡ ಬಾತುಗಳು ಅವು. ಚಳಿಗಾಲಕ್ಕೆ ಎಲ್ಲಿಂದಲೋ ಬಂದು ಕೆರೆಯಲ್ಲಿಳಿದು, ಬೆಳಗಾದರೆ ಕುರಿ ಹಿಂಡಿನಂತೆ ಹೊಲಕ್ಕೆ ನುಗ್ಗಿ ಎಳೆಗಡಲೆಯ ಕುಡಿ ಚಿವುಟಿ ತಿನ್ನುತ್ತಿದ್ದವು. ಡಬ್ಬಿ ಬಡಿಯುತ್ತ ತಲೆ ಎತ್ತಿದರೆ ದಂಡೆಯ ಮೇಲೆ ಏಳೆಂಟು ಮಂದಿ ನಿಂತಿದ್ದಾರೆ. ಅವರಲ್ಲೊಬ್ಬ ಗಡ್ಡದವನು ಕಣ್ಣಿಗೆ ದುರ್ಬೀನು ಹಚ್ಚಿ ಅವಳ ಹೊಲದ ಕಡೆಗೇ ನೋಡುತ್ತಿದ್ದಾನೆ. ಪಕ್ಕದಲ್ಲಿ ಒಂದು ಹುಡುಗಿ ಏನೋ ಬರೆದುಕೊಳ್ಳುತ್ತಿದ್ದಾಳೆ.

ಸುಂದರಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಹತ್ತಿರ ಹೋದಳು. "ಯಾರ್ರಿ ನೀವು? ಇಲ್ಲೇನ್ ಮಾಡಾಕತ್ತೀರಿ?"

ಗಡ್ಡದವನು ದುರ್ಬೀನು ಇಳಿಸಿ ಕೈಮುಗಿದ. "ನಮಸ್ಕಾರ್ರಿ ಬಾಯಿ. ನಾನು ಬದ್ರುದ್ದೀನ್, ಬಸವಕಲ್ಯಾಣದಾಗ ಹೈಸ್ಕೂಲ್ ಮಾಸ್ತರ. ಇವರೆಲ್ಲಾ ಕಾಲೇಜಿನ ಹುಡುಗೂರು. ಹುಮನಾಬಾದಿನವರೂ ಒಂದಿಬ್ರು ಅದಾರ. ನಾವು ಏನೂ ಮಾಡಾಕತ್ತಿಲ್ರಿ, ಸುಮ್ಮ ಹಕ್ಕಿ ನೋಡಾಕತ್ತೀವಿ."

ಸುಮ್ಮ ನೋಡಾಕತ್ತೀವಿ! ಸುಂದರಬಾಯಿಯ ಕಿವಿಯಲ್ಲಿ ಅತ್ತೆ ಕೊಟ್ಟ ಮಜ್ಜಿಗೆ ಲೋಟ ನೆಲಕ್ಕೆ ತಾಗಿದ ಸದ್ದು ಕೇಳಿದಂತಾಯಿತು.

"ಬಸವಕಲ್ಯಾಣದಾಗ ಹಕ್ಕಿ ಇಲ್ಲೇನ್ರಿ? ಅಷ್ಟು ದೊಡ್ಡ ಕೆರಿ ಅದ ಅಲ್ಲಿ."

"ಅಲ್ಲೂ ಎಣಿಸೀವ್ರಿ. ಚಳಿಗಾಲದಾಗ ಎಲ್ಲಾ ಕೆರಿ ದಂಡಿಗೂ ಹೋಗಿ, ಯಾವ ಹಕ್ಕಿ ಎಷ್ಟವ ಅಂತ ಎಣಿಸ್ತೀವಿ. ಕೆರಿ ಉಳೀಬೇಕು, ಅದನ್ನ ನಂಬಿದ ಜೀವ ಉಳೀಬೇಕು ಅಂದ್ರ ಮೊದಲ ಏನದ ಅಂತ ಗೊತ್ತಾಗಬೇಕಲ್ರಿ?"

"ಎಣಿಸಿ ಯಾರಿಗೆ ಹೇಳ್ತೀರಿ?"

ಮಾಸ್ತರರು, "ಕೇಳಿದವರಿಗೆ ಹೇಳ್ತೀವ್ರಿ. ಸರಕಾರದವರು ಕೇಳಿದ್ರ ಅವರಿಗೂ" ಅಂದರು.

ಅಷ್ಟು ಸಾಕಾಯಿತು. ಸಂಜೆಯೊಳಗೆ ಊರೆಲ್ಲ ಸುದ್ದಿ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ, ಅವರು ಹಕ್ಕಿಯವರಲ್ಲ, ನಿಧಿಯವರು ಅಂದ. ಚಾಲುಕ್ಯರ ಕಾಲದ ಹಂಡೆ ಕೆರೆಯ ಕೆಳಗಿದೆಯಂತೆ, ದುರ್ಬೀನಿನಲ್ಲಿ ಹೊಳಪು ಕಾಣುತ್ತದಂತೆ. ಇನ್ನೊಬ್ಬ, ಮೀನಿನ ಕಂಪನಿಯವರು ಅಂದ. ಸುಂದರಬಾಯಿ ಎರಡನ್ನೂ ನಂಬಲಿಲ್ಲ. ಅವಳ ಲೆಕ್ಕದಲ್ಲಿ ಅವರು ಎಣಿಸಿದ್ದು ಹಕ್ಕಿಯನ್ನಲ್ಲ, ಅಂಗಳದಲ್ಲಿ ಬಿತ್ತಿದ ಹೊಲಗಳನ್ನು.

ಖರೆ ಏನೆಂದು ತಿಳಿಯದೆ ಅವಳಿಗೆ ಅನ್ನ ಇಳಿಯಲಿಲ್ಲ. ಸಂತೆಯ ನೆಪ ಹೇಳಿ ಬಸವಕಲ್ಯಾಣದ ಬಸ್ಸು ಹತ್ತಿದಳು. ಹೈಸ್ಕೂಲಿನ ಗೇಟಿನ ಎದುರು ಬೇವಿನ ಮರದ ಕೆಳಗೆ ಪುಟ್ಟಿ ಇಟ್ಟುಕೊಂಡು, ಸಂತೆಯಲ್ಲಿ ಕೊಂಡ ಎಳೆ ಸೌತೆಕಾಯಿ ಮಾರುವವಳಂತೆ ಕೂತಳು. ಗಂಟೆ ಬಾರಿಸುವ ಜವಾನನಿಗೆ ಎರಡು ಸೌತೆಕಾಯಿ ಪುಕ್ಕಟೆ ಕೊಟ್ಟು, "ಬದ್ರುದ್ದೀನ್ ಅಂತ ಮಾಸ್ತರ ಇಲ್ಲೇ ಅದಾರೇನ್ರಿ?" ಎಂದು ಕೇಳಿದಳು. ಇದ್ದಾರೆ, ವಿಜ್ಞಾನ ಹೇಳುತ್ತಾರೆ, ಒಳ್ಳೆಯ ಮನುಷ್ಯ ಎಂದು ಜವಾನ ಹೇಳಿದ. ಒಳ್ಳೆಯ ಮನುಷ್ಯ ಎಂಬ ಮಾತೇ ಅವಳಿಗೆ ಅನುಮಾನ ತಂದಿತು. ಕೇಳದೆ ಇದ್ದರೂ ಇವನು ಹೊಗಳುವುದೇಕೆ? ಮನೆ ಎಲ್ಲೆಂದು ಕೇಳಿಕೊಂಡು, ಕೋಟೆಯ ಕಡೆಯ ಓಣಿಯಲ್ಲಿ ಹಸಿರು ಬಾಗಿಲಿನ ಮನೆಯ ಮುಂದೆ ನಿಂತು, "ಸೌತಿಕಾಯಿ!" ಎಂದು ಕೂಗಿದಳು.

ಬಾಗಿಲು ತೆರೆದವಳು ಮಾಸ್ತರರ ಹೆಂಡತಿ ಜೈನಬಿ. ಒಂದೊಂದೇ ಕಾಯಿ ಎತ್ತಿ ತೊಟ್ಟು ಮುರಿದು ನೆಕ್ಕಿ, ಕಹಿಯೋ ಸಿಹಿಯೋ ನೋಡಿ ಆರಿಸತೊಡಗಿದಳು. ಸುಂದರಬಾಯಿಗೆ ಆ ಹೆಂಗಸಿನ ಮೇಲೆ ತಟ್ಟನೆ ಮರ್ಯಾದೆ ಹುಟ್ಟಿತು.

"ನಿಮ್ಮ ಮಾಸ್ತರ ನಮ್ಮೂರ ಕೆರಿಗೆ ಬಂದಿದ್ರವ್ವಾ" ಎಂದು ಮೆಲ್ಲಗೆ ಎಳೆದಳು.

ಜೈನಬಿಯ ಕೈ ಅಲ್ಲೇ ನಿಂತಿತು. "ಕೆರಿಗೇ ಬಂದಿದ್ರೇನು? ನೀ ಕಣ್ಣಾರೆ ನೋಡಿಯೇನು?"

"ನೋಡೀನಿ. ಯಾಕ್ರಿ?"

"ಜೊತಿ ಯಾರಿದ್ರು?"

ಸುಂದರಬಾಯಿ ಒಬ್ಬೊಬ್ಬರನ್ನೇ ಬಣ್ಣಿಸಿದಳು. ಜೈನಬಿ ಎಲ್ಲ ಕೇಳಿ ಉಸಿರು ಬಿಟ್ಟು ಹೊಸ್ತಿಲ ಮೇಲೆ ಕೂತಳು. "ನಿನ್ನ ಮುಂದ ಏನ್ ಮುಚ್ಚಿಡ್ಲಿ ಅಕ್ಕಾ. ಆಯ್ತವಾರ ಬಂತಂದ್ರ ನಸುಕಿನ್ಯಾಗ ಫಜರ್ ನಮಾಜ್ ಮುಗ್ಸಿ ಈ ಮನುಷ್ಯ ಗಾಯಬ್. ಕೇಳಿದ್ರ ಹಕ್ಕಿ ನೋಡಾಕ ಅಂತಾರ. ಮದುವಿ ಆಗಿ ಹದಿನೆಂಟು ವರ್ಷ ನನ್ನ ಮಾರಿ ಸುದ್ದಾ ಅಷ್ಟು ನೋಡಿಲ್ಲ, ಹಕ್ಕಿ ನೋಡ್ತಾರೇನು ಅಂತ ನನಗ ಸಂಶಯ. ಒಂದ್ಸಲ ನನ್ನ ತಮ್ಮನ್ನ ಹಿಂದ ಕಳ್ಸಿದ್ದೆ. ಅವ ಬಂದು, ಆಪಾ, ದುಲ್ಹಾಭಾಯಿ ಕೆಸರಾಗ ಕುಂತು ಕೊಕ್ಕರಿ ಎಣಸಾಕತ್ತಾರ ಅಂದ. ಅವನೂ ಅವರ ಕಡೆ ಸೇರ್ಯಾನ ಅಂತ ನಾ ತಿಳ್ಕೊಂಡೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಜೈನಬಿ. ಆ ದಿನ ಸುಂದರಬಾಯಿ ಆ ಮನೆಯಲ್ಲಿ ಚಹಾ ಕುಡಿದೇ ಹೊರಟಳು. ಮಾಸ್ತರರ ಮೇಲಿನ ಸಂಶಯ ಅರ್ಧ ಇಳಿದಿತ್ತು. ಉಳಿದರ್ಧ ಮಾತ್ರ ಗಟ್ಟಿಯಾಗಿಯೇ ಇತ್ತು. ಮನುಷ್ಯ ಒಳ್ಳೆಯವನಿರಬಹುದು, ಆದರೆ ಅವನು ಎಣಿಸಿದ್ದನ್ನು ಓದುವವರು ಯಾರು?

ಮುಂದಿನ ಸಲ ಅವರ ತಂಡ ಬಂದಾಗ ಸುಂದರಬಾಯಿ ದಂಡೆಯ ಮೇಲೆ ಮೊದಲೇ ಕಾದು ನಿಂತಿದ್ದಳು. "ನಾನೂ ನಿಮ್ಮ ಜೊತಿ ಬರ್ತೀನ್ರಿ ಮಾಸ್ತರ. ನನಗೂ ಹಕ್ಕಿ ತೋರಸ್ರಿ."

ಬದ್ರುದ್ದೀನ್ ಮಾಸ್ತರರು ಹಿಗ್ಗಿದರು. ಊರಿನವರೊಬ್ಬರು ಜೊತೆಗೆ ಬೇಕೆಂದು ಅವರು ಬಹಳ ದಿನದಿಂದ ಹುಡುಕುತ್ತಿದ್ದರಂತೆ. ಇವಳು ಹಕ್ಕಿಯನ್ನಲ್ಲ, ತಮ್ಮನ್ನೇ ಕಾಯಲು ಬಂದವಳು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಬರೆಯುತ್ತಿದ್ದ ಹುಡುಗಿ ಹುಮನಾಬಾದಿನ ಪೂನಂ, ಬಿ.ಎಸ್ಸಿ. ಓದುತ್ತಿದ್ದಳು. ಅವಳೇ ತನ್ನ ಕೊರಳ ದುರ್ಬೀನು ತೆಗೆದು ಸುಂದರಬಾಯಿಯ ಕೊರಳಿಗೆ ಹಾಕಿದಳು. "ಕಾಕು, ಇದನ್ನ ಹೀಂಗ ತಿರುವ್ರಿ, ಸಾಫ್ ಕಾಣ್ತದ."

ಸುಂದರಬಾಯಿ ಮೊದಲು ನೋಡಿದ್ದು ಆಚೆ ದಂಡೆಯ ಜನರನ್ನು. ಯಾರು ಯಾರ ಹೊಲದ ಬದು ಸರಿಸುತ್ತಿದ್ದಾರೆ, ಯಾರ ಎಮ್ಮೆ ಯಾರ ಬಳ್ಳಿಗೆ ಬಾಯಿ ಹಾಕಿದೆ, ಎಲ್ಲ ಅಂಗೈ ಮೇಲಿದ್ದಂತೆ ಕಂಡಿತು. ಇಂಥದೊಂದು ವಸ್ತು ಲೋಕದಲ್ಲಿದ್ದೂ ತನಗೆ ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ಬಹಳ ಹೊತ್ತಿನ ಮೇಲೆ ದುರ್ಬೀನು ತಾನಾಗಿ ನೀರಿನ ಕಡೆ ಸರಿಯಿತು. ಅಲ್ಲಿ ಒಂದು ಹೆಬ್ಬಾತು ರೆಕ್ಕೆಯೊಳಗೆ ಕೊಕ್ಕು ಹುದುಗಿಸಿ ಗರಿ ಒಪ್ಪ ಮಾಡಿಕೊಳ್ಳುತ್ತಿತ್ತು. ತನ್ನ ಕಡಲೆ ತಿಂದ ಕಳ್ಳನನ್ನು ಇಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ. ಅದು ಆಗಾಗ ತಲೆ ಎತ್ತಿ ಸುತ್ತಲೂ ನೋಡುತ್ತಿತ್ತು. ಜೊತೆಯವು ಮೇಯುವಾಗ ಒಂದಾದರೂ ಹೀಗೆ ಕಾವಲು ನಿಲ್ಲುತ್ತದೆ ಎಂದು ಪೂನಂ ಹೇಳಿದಳು. "ಯಾರನ್ನೂ ನಂಬಂಗಿಲ್ಲ ಅದು" ಎಂದಾಗ ಸುಂದರಬಾಯಿ, "ನಂಬಬಾರ್ದು" ಅಂದಳು.

ಹೀಗೆ ವರ್ಷಗಳು ಹೋದವು. ಚಳಿಗಾಲದಲ್ಲಿ ಬಾತುಗಳು, ಬೇಸಿಗೆಯಲ್ಲಿ ದಂಡೆಯ ಗರಸಿನ ಕಲ್ಲುನೆಲದಲ್ಲಿ ಮೊಟ್ಟೆಯಿಡುವ ಟಿಟವಿ ಹಕ್ಕಿ, ಕವಲುಬಾಲದ ಹಳದಿ ಕೊಕ್ಕಿನ ರೀವ ಹಕ್ಕಿ, ಕೆಸರಿನಲ್ಲಿ ಆಮೆ, ಜೊಂಡಿನಲ್ಲಿ ನೀರುನಾಯಿಯ ಹೆಜ್ಜೆ. ತಂಡದವರು ಬಂದಾಗಲೆಲ್ಲ ಸುಂದರಬಾಯಿ ಜೊತೆಗಿರುತ್ತಿದ್ದಳು. ಅವಳ ಸಂಶಯದಿಂದ ತಂಡಕ್ಕೆ ತೊಂದರೆಯೂ ಆಯಿತು, ಉಪಯೋಗವೂ ಆಯಿತು. ಯಾರಾದರೂ ಹುಡುಗ, ಆಚೆ ಮೂಲೆಯಲ್ಲಿ ಇಂಥ ಹಕ್ಕಿ ನೋಡಿದೆ ಎಂದರೆ, "ಬರೀಬ್ಯಾಡ ಪೂನಂ, ನಡೀ ಹೋಗಿ ನೋಡೂಣು" ಎಂದು ಎಲ್ಲರನ್ನೂ ಮತ್ತೆ ಅಷ್ಟು ದೂರ ನಡೆಸುವಳು. ಆದರೆ ಸಂಜೆ ಹೊಲದಲ್ಲಿ ಕಡಲೆ ಬೋಳಾಗಿರುವುದು ಕಂಡರೆ ತಂಡದವರ ಎದುರಿಗೂ, ಮನೆಗೆ ಬಂದ ಮೇಲೂ ಅದೇ ಬಾಯಲ್ಲಿ ಬಾತುಗಳಿಗೆ ಶಾಪ ಹಾಕುವಳು: "ಇವಕ್ಕ ಯಾರರೆ ವಿಷಾ ಹಾಕಬಾರ್ದಾ, ನನ್ನ ಹೊಟ್ಟಿ ತಂಪಾಗ್ತದ!" ಬಸವಣಪ್ಪ ಎತ್ತಿಗೆ ಮೇವು ಹಾಕುತ್ತ ಹ್ಞೂಂ ಅನ್ನುತ್ತಿದ್ದ.

ಎರಡು ಸಾವಿರದ ಎರಡರ ಜನವರಿಯಲ್ಲಿ, ತಂಡ ಎಣಿಕೆಗೆ ಬಂದ ದಿನ ದಂಡೆಯ ಮೇಲೆ ಬಾತುಗಳು ಸತ್ತು ಬಿದ್ದಿದ್ದವು.

ಕೆಲವು ನೀರಿನಂಚಿನಲ್ಲಿ ಕುತ್ತಿಗೆ ಚಾಚಿ ಮಲಗಿದ್ದವು. ಒಂದು ಇನ್ನೂ ರೆಕ್ಕೆ ಬಡಿಯುತ್ತಿತ್ತು. ಪಕ್ಕದಲ್ಲೇ ಯಾರದೋ ಮೇಕೆ ಬಾಯಲ್ಲಿ ನೊರೆ ಕಟ್ಟಿಕೊಂಡು ಬಿದ್ದಿತ್ತು. ಕಡಲೆ ಸಾಲುಗಳ ನಡುವೆ ಅಲ್ಲಲ್ಲಿ ಜೋಳದ ಕಾಳು ಚೆಲ್ಲಿತ್ತು. ಮಾಸ್ತರರು ಬಗ್ಗಿ ಮೂಸಿ, "ಯಾರೂ ಮುಟ್ಟಬ್ಯಾಡ್ರಿ. ಔಷಧದಾಗ ನೆನಸ್ಯಾರ" ಅಂದರು. 

ಆಗ ಪೂನಂ ಸುಂದರಬಾಯಿಯ ಕಡೆ ನೋಡಿದಳು. ಒಂದೇ ಗಳಿಗೆ. ಆದರೆ ಅಂಥ ನೋಟವನ್ನು ಜೀವಮಾನವೆಲ್ಲ ಬೇರೆಯವರ ಮೇಲೆ ಹಾಯಿಸಿದವಳಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಯಾಕ ಹಂಗ ನೋಡ್ತಿ? ಬಾಯಿಬಿಟ್ಟ ಕೇಳು."

ಪೂನಂ ತಲೆ ತಗ್ಗಿಸಿದಳು. "ಕಾಕು, ನೀವ... ಹೋದ್ಸಲ ಸಿಟ್ಟಿನಾಗ ವಿಷಾ ಅಂತ ಅಂದಿದ್ರಿ. ಅದಕ್ಕ..."

"ಅಂದೀನಿ. ಅಂದದ್ದೆಲ್ಲಾ ಮಾಡ್ತಾರೇನು?" ಎಂದು ಸುಂದರಬಾಯಿ ಕೊರಳಿನ ದುರ್ಬೀನು ಕಿತ್ತು ಅವಳ ಕೈಗಿಟ್ಟು, ಹಿಂತಿರುಗಿ ನೋಡದೆ ಊರಿನ ದಾರಿ ಹಿಡಿದಳು.

ಊರಲ್ಲಿ ಬೇರೆ ಕಾದಿತ್ತು. ಮಾಸ್ತರರು ತಿಳಿಸಿದ್ದರಿಂದ ಮರುದಿನ ಅರಣ್ಯ ಇಲಾಖೆಯ ಗಾರ್ಡು ಬಂದು ಸತ್ತ ಬಾತುಗಳನ್ನು ಚೀಲಕ್ಕೆ ಹಾಕಿಕೊಂಡು, ಅಂಗಳದಲ್ಲಿ ಬಿತ್ತಿದವರ ಹೆಸರು ಕೇಳುತ್ತ ಮನೆಮನೆ ತಿರುಗಿದ. ಅವನು ಹೋದ ಮೇಲೆ ನಲ್ಲಿಯ ಹತ್ತಿರ ಹೆಂಗಸರು ಸುಂದರಬಾಯಿಯ ಕೊಡಕ್ಕೆ ಜಾಗ ಬಿಡಲಿಲ್ಲ. "ನಮ್ಮ ಹೆಸರು ಕೊಟ್ಟಾಕಿ ಇಕಿನೇ. ವರ್ಷಾನುಗಟ್ಲೆ ಅವರ ಜೊತಿ ತಿರಗ್ಯಾಳ, ಸುಮ್ಮ ತಿರಗ್ಯಾಳೇನು?" ಎಂದು ಒಬ್ಬಳು ಎದುರಿಗೇ ಅಂದಳು. ಹಕ್ಕಿ ಎಣಿಸುವ ತಂಡದವರಿಗೆ ಅವಳು ವಿಷ ಹಾಕಿದವಳು, ಊರವರಿಗೆ ಚಾಡಿ ಹೇಳಿದವಳು. ಖಾಲಿ ಕೊಡ ಹೊತ್ತು ಮನೆಗೆ ಬಂದ ಸುಂದರಬಾಯಿ, ಯಾರು ಮಾಡಿರಬಹುದು ಎಂದು ಒಬ್ಬೊಬ್ಬರನ್ನೇ ನೆನೆದಳು. ಆಚೆ ಬದುವಿನವನೋ? ಬಾತಿನ ಮಾಂಸ ತಿನ್ನುವವರೋ? ತನ್ನ ಮೇಲೆ ಹಗೆ ಸಾಧಿಸುವವರೋ? ಊರಿನ ಅರ್ಧಕ್ಕರ್ಧ ಜನ ಅವಳ ಕಣ್ಣಲ್ಲಿ ಅಪರಾಧಿಗಳಾದರು.

ಹಸಿವೆಯಾಗಿ ರೊಟ್ಟಿಗೆ ಹಿಟ್ಟು ಸಾಲದೆ, ಬೀಸಲು ಜೋಳ ತೆಗೆಯಲು ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋದಳು. ಮೂಲೆಯಲ್ಲಿ ಎತ್ತಿಗೆ ಹಿಂಡಿ ನೆನೆಸುವ ಹಳೆಯ ತಗಡಿನ ಬುಟ್ಟಿ ಕವುಚಿ ಇಟ್ಟಿತ್ತು. ಎತ್ತಿದಾಗ ತೊಗರಿಗೆ ಹೊಡೆಯುವ ಔಷಧದ ಕಮಟು ವಾಸನೆ ಮೂಗಿಗೆ ಬಡಿಯಿತು. ತಳಕ್ಕೆ ನಾಲ್ಕು ಜೋಳದ ಕಾಳು ಅಂಟಿದ್ದವು.

ಅವಳು ಹಿತ್ತಲಿಗೆ ಬಂದಾಗ ಬಸವಣಪ್ಪ ಎತ್ತಿನ ಕೊರಳು ತುರಿಸುತ್ತ ನಿಂತಿದ್ದ. ಬುಟ್ಟಿ ನೋಡಿ ಅವನ ಕೈ ಕೆಳಗಿಳಿಯಿತು.

"ನೀವೇನ್ರಿ?"

"ಹ್ಞೂಂ."

"ಯಾಕ್ರಿ?"

ಬಸವಣಪ್ಪ ಎತ್ತಿನ ಕಡೆಗೇ ಮುಖ ಮಾಡಿ ಹೇಳಿದ. "ನೀನೇ ಅಂತಿದ್ದಿ, ಯಾರರೆ ಹಾಕಬಾರ್ದಾ ಅಂತ. ದಿನಾ ಸಂಜಿಗೆ ಬಂದು ಅಳ್ತಿದ್ದಿ. ನಿನ್ನ ಹೊಟ್ಟಿ ತಂಪಾಗಲಿ ಅಂತ ಮಾಡ್ದೆ. ಆ ಮ್ಯಾಕಿ ಸಾಯ್ತದ ಅಂತ ನನಗ ಗೊತ್ತಾಗ್ಲಿಲ್ಲ. ಬಾತು ಹಂಗ ಒದ್ದಾಡ್ತಾವ ಅಂತನೂ ಗೊತ್ತಿರ್ಲಿಲ್ಲ."

ಸುಂದರಬಾಯಿ ಅಲ್ಲೇ ಗೋಡೆಗೆ ಆತು ಕೂತಳು. ಲೋಕವನ್ನೆಲ್ಲ ಜಾಲಾಡಿದ ಅವಳ ಸಂಶಯ ಈ ಒಬ್ಬ ಮನುಷ್ಯನ ಹತ್ತಿರ ಮಾತ್ರ ಎಂದೂ ಸುಳಿದಿರಲಿಲ್ಲ. ತನ್ನ ಮಾತನ್ನು ತಾನೇ ತೂಗಿ ನೋಡುವ ಯೋಚನೆಯೂ ಬಂದಿರಲಿಲ್ಲ. ಬಯ್ಯಲು ಬಾಯಿ ತೆರೆದರೆ ಅಳು ಬಂತು.

ಮರುದಿನ ಬೆಳಿಗ್ಗೆ ಗಂಡನಿಗೆ ತೊಳೆದ ಅಂಗಿ ತೊಡಿಸಿ ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದಳು. ಹಸಿರು ಬಾಗಿಲಿನ ಮನೆಯ ಪಡಸಾಲೆಯಲ್ಲಿ ಬಸವಣಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. ಜೈನಬಿ ಒಳಬಾಗಿಲಲ್ಲಿ ನಿಂತು ಕೇಳಿದಳು. ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಬಾಯಿ, ಇದನ್ನ ನನಗ ಮುಚ್ಚಿಡಾಕ ಬರಂಗಿಲ್ಲ. ಇವತ್ತ ನಿಮ್ಮದಂತ ಮುಚ್ಚಿದ್ರ, ನಾಳೆ ಇನ್ನೊಬ್ಬ ಹಾಕ್ತಾನ. ಮ್ಯಾಕಿ ಸತ್ತದ್ದು ನೋಡೀರಿ. ಅಲ್ಲಿ ಕೂಸುಗಳು ಆಡ್ತಾವ."

"ಅಂದ್ರ ಪೊಲೀಸರಿಗೆ ಕೊಡ್ತೀರೇನು?" ಸುಂದರಬಾಯಿಯ ದನಿ ಗಡುಸಾಯಿತು. "ಇದಕ್ಕೇ ಏನ್ರಿ ನಮ್ಮೂರಿಗೆ ಬಂದಿದ್ದು? ಐದು ವರ್ಷ ನನ್ನ ಕೊರಳಿಗೆ ದುರ್ಬೀನು ಹಾಕಿದ್ದು ಇದಕ್ಕೇ ಏನ್ರಿ?"

"ಅರಣ್ಯದವರ ಮುಂದ ಬಸವಣಪ್ಪನವರು ತಾವೇ ಹೋಗಿ ಹೇಳಲಿ. ಅವರ ಜೊತಿ ನಾ ಹೋಗ್ತೀನಿ. ಕೋರ್ಟಿಗೆ ಕರೆದ್ರ ಅಲ್ಲಿಗೂ ಬರ್ತೀನಿ. ಪ್ರತಿ ತಾರೀಖಿಗೂ ಬರ್ತೀನಿ."

ಬರುತ್ತಾರೆಂದು ಸುಂದರಬಾಯಿ ನಂಬಲಿಲ್ಲ. ಆದರೆ ಬಸವಣಪ್ಪ ಎದ್ದು ನಿಂತು, "ನಡೀರಿ ಮಾಸ್ತರ" ಅಂದುಬಿಟ್ಟ. ಹೆಂಡತಿಯ ಮಾತಿಗೆ ಕಾಯದೆ ಅವನು ಮಾಡಿದ ಎರಡನೆಯ ಕೆಲಸ ಅದು.

ಕೇಸು ಎರಡು ವರ್ಷ ನಡೆಯಿತು. ತಾರೀಖಿದ್ದ ದಿನ ಮಾಸ್ತರರು ಶಾಲೆಗೆ ಅರ್ಧ ರಜೆ ಹಾಕಿ ಕೋರ್ಟಿನ ಆವರಣದ ಹುಣಸೆಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಒಮ್ಮೆ ಜ್ವರವಿದ್ದಾಗಲೂ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಸುಂದರಬಾಯಿ ಅವರ ಜೊತೆ ಮಾತಾಡುತ್ತಿರಲಿಲ್ಲ. ದಂಡೆಯ ಕಡೆ ಹೋಗುವುದನ್ನೂ ಬಿಟ್ಟಿದ್ದಳು. ಕೊನೆಗೆ ಬಸವಣಪ್ಪನಿಗೆ ದಂಡ ಹಾಕಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಊರಿಗೆ ಬಂದವನೇ ಅವನು ಮುಂದಿನ ಸೋಮವಾರ ಭಜನೆ ಮುಗಿದ ಮೇಲೆ ತಾಳ ಕೆಳಗಿಟ್ಟು, ಎಲ್ಲರೆದುರು ತಾನು ಮಾಡಿದ್ದನ್ನು ಹೇಳಿ, ಸತ್ತ ಮೇಕೆಯ ಒಡೆಯನ ಕಾಲು ಮುಟ್ಟಿದ. ಆ ಮೇಲೆ ಯಾರೂ ಅಂಗಳದಲ್ಲಿ ವಿಷದ ಕಾಳು ಚೆಲ್ಲಲಿಲ್ಲ. ನಲ್ಲಿಯ ಹತ್ತಿರ ಸುಂದರಬಾಯಿಯ ಕೊಡಕ್ಕೂ ಜಾಗ ಸಿಕ್ಕಿತು.

ಮಾತು ಬಿಟ್ಟವರನ್ನು ಕೂಡಿಸಿದವಳು ಜೈನಬಿ. ಒಂದು ಮಧ್ಯಾಹ್ನ ಶೇರ್ ಆಟೋದಲ್ಲಿ ಕುಲುಕಾಡುತ್ತ ಮುಡಬಿಗೆ ಬಂದಿಳಿದು, ಮನೆ ಕೇಳಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು. "ನೋಡಕ್ಕಾ, ನನ್ನ ಮನುಷ್ಯ ನಿನ್ನ ಗಂಡನ್ನ ಕೋರ್ಟಿಗೆ ಹತ್ತಿಸ್ಯಾನ, ಅದು ಖರೆ. ಒಬ್ಬನ್ನೇ ಹತ್ತಿಸಿ ಬಿಟ್ಟಿಲ್ಲ, ಇದೂ ಖರೆ. ಇನ್ನೂ ಸಂಶಯ ಇದ್ರ ಇಟ್ಕೊ. ನನಗೂ ಅವರ ಮ್ಯಾಲ ಇನ್ನೂ ಅದ. ಆದ್ರ ನೀ ಬರಂಗಿಲ್ಲಂದ್ರ ಆ ಹುಡುಗೂರು ಕಂಡದ್ದು ಕಾಣದ್ದು ಎಲ್ಲಾ ಬರ್ಕೊಂಡು ಹೋಗಾಕತ್ತಾರಂತ."

ಆ ಕೊನೆಯ ಮಾತು ನಾಟಿತು. ಮುಂದಿನ ಭಾನುವಾರ ಸುಂದರಬಾಯಿ ದಂಡೆಗೆ ಹೋದಳು. ಪೂನಂ ಬಂದು ಅವಳ ಭುಜಕ್ಕೆ ಹಣೆ ಒತ್ತಿ ನಿಂತಳು. "ಸರಿ, ಸರಿ. ಮೊದಲ ಆ ಮೂಲಿಗೆ ನಡೀ" ಅಂದಳು ಸುಂದರಬಾಯಿ.

ಅವಳು ಮೊದಲ ದಿನ ಅಂಜಿದ್ದು ಎರಡು ಸಾವಿರದ ಐದರಲ್ಲಿ ನಿಜವಾಯಿತು. ತಂಡ ವರ್ಷವರ್ಷ ಎಣಿಸಿ ಕಳಿಸಿದ್ದನ್ನು ಓದಿದ ಮೇಲಿನವರು, ಕರಿನಾಲಾದ ಅಂಗಳದಲ್ಲಿ ಇನ್ನು ಯಾರೂ ಬಿತ್ತಬಾರದು, ಅದು ಹಕ್ಕಿಗಳು ಮೊಟ್ಟೆಯಿಡುವ ಜಾಗ ಎಂದು ತೀರ್ಮಾನಿಸಿದ್ದರು. ಬಸವಕಲ್ಯಾಣದಲ್ಲಿ ಸಭೆ ಕರೆದರು. ಸಾಹೇಬರು ಓದಿ ಮುಗಿಸುವ ಮೊದಲೇ ಸುಂದರಬಾಯಿ ಎದ್ದು ಮಾಸ್ತರರ ಕಡೆ ಕೈ ತೋರಿಸಿದಳು.

"ನಾ ಅವತ್ತೇ ಕೇಳಿದ್ದೆ, ಎಣಿಸಿ ಯಾರಿಗೆ ಹೇಳ್ತೀರಿ ಅಂತ. ಈಗ ಗೊತ್ತಾತೇನ್ರಿ?"

ಮಾಸ್ತರರ ಮುಖ ಕಪ್ಪಿಟ್ಟಿತು. "ಗೊತ್ತಾತ್ರಿ ಬಾಯಿ. ಇಷ್ಟು ದೂರ ಹೋಗ್ತದ ಅಂತ ನನಗ ತಿಳೀಲಿಲ್ಲ. ನಿಮ್ಮ ಅನುಮಾನ ಸುಳ್ಳಾಗಿರ್ಲಿಲ್ಲ." ಅವರು ಸಾಹೇಬರ ಕಡೆ ತಿರುಗಿದರು. "ಸರ್, ನಾವು ಎಣಿಸಿದ್ದು ಖರೆ. ಆದ್ರ ಅಂಗಳ ಪೂರ್ತಿ ಖಾಲಿ ಮಾಡ್ರಿ ಅಂತ ನಾವು ಎಲ್ಲೂ ಹೇಳಿಲ್ಲ. ನಮ್ಮ ಜೊತಿ ಎಣಿಸಿದವರೇ ಆ ನೆಲ ಬಿತ್ತೋರು. ಅವರನ್ನ ಕೇಳದ ತೀರ್ಮಾನ ಮಾಡಿದ್ರ ನಾವು ಇನ್ನ ಮುಂದ ಏನೂ ಕಳಸಂಗಿಲ್ಲ."

ಆಮೇಲೆ ವಾದ ಬಹಳ ಹೊತ್ತು ನಡೆಯಿತು. ರೀವ, ಟಿಟವಿ ಎಲ್ಲ ಮೊಟ್ಟೆಯಿಡುವುದು ಕೆಳಗಿನ ಗರಸಿನ ಪಟ್ಟಿಯಲ್ಲಿ, ಮೇಲಿನ ಕೆಸರುನೆಲಕ್ಕೆ ಅವು ಬರುವುದಿಲ್ಲ ಎಂದು ಪೂನಂ ತೋರಿಸಿದಳು. ಕೊನೆಗೆ ಗರಸಿನ ಪಟ್ಟಿಯನ್ನು ಹಕ್ಕಿಗೆ ಬಿಡುವುದು, ಮೇಲಿನ ನೆಲದಲ್ಲಿ ಕಡಲೆಗೆ ಸದ್ಯ ಅಡ್ಡಿ ಮಾಡದಿರುವುದು ಎಂದು ಒಪ್ಪಂದವಾಯಿತು. ಬರೆದು ಕೊಡುತ್ತೀರೇನು ಎಂದು ಸುಂದರಬಾಯಿ ಕೇಳಿದಳು. ಕೊಡುತ್ತೇವೆ ಅಂದರು. ಕೊಡುವವರೆಗೆ ಅವಳು ಕುರ್ಚಿ ಬಿಟ್ಟೇಳಲಿಲ್ಲ. ಆದರೂ ಅವಳ ಕಲ್ಲಂಗಡಿ ಬಳ್ಳಿಯ ಜಾಗ ಗರಸಿನ ಪಟ್ಟಿಗೇ ಹೋಯಿತು. ಆ ಬೇಸಿಗೆ ಮನೆಯಲ್ಲಿ ಕಲ್ಲಂಗಡಿ ಇರಲಿಲ್ಲ.

ಮುಂದಿನ ವರ್ಷ ಏಪ್ರಿಲ್ ಬಿಸಿಲಲ್ಲಿ ಪಟ್ಟಿಯ ಅಂಚಿಗೆ ಇಟ್ಟಿದ್ದ ಗುರುತಿನ ಕಲ್ಲುಗಳನ್ನು ಯಾರೋ ನಾಲ್ಕು ಹೆಜ್ಜೆ ಒಳಗೆ ಸರಿಸಿದ್ದರು. ಯಾರೆಂದು ಸುಂದರಬಾಯಿಗೆ ಸುಮಾರಾಗಿ ಗೊತ್ತಿತ್ತು. ಅವಳು ಒಂದೊಂದೇ ಕಲ್ಲು ಎತ್ತಿ ಮೊದಲಿನ ಜಾಗಕ್ಕೆ ಇಡುತ್ತ ಬಂದಳು. ತಲೆಯ ಮೇಲೆ ರೀವಗಳು ಕಿರುಚುತ್ತ, ಅವಳ ನೆತ್ತಿಯನ್ನೇ ಕುಕ್ಕುವಂತೆ ಎರಗುತ್ತಿದ್ದವು. "ನಿಮ್ಮ ಸಲುವಾಗೇ ಮಾಡಾಕತ್ತೇನಿ, ಹರಾಮಖೋರ್" ಎಂದು ಬೈದಳು.

ಬಸವಣಪ್ಪ ಮೇಲಿನ ಬದುವಿನ ಮೇಲೆ ಕೂತಿದ್ದ. ಕೋರ್ಟಿನ ನಂತರ ಅವನು ದಂಡೆಗೆ ಇಳಿದಿರಲಿಲ್ಲ. "ಮರಿ ಅವೇನು?" ಎಂದು ಅಲ್ಲಿಂದಲೇ ಕೂಗಿ ಕೇಳಿದ.

"ಅವ. ಬರ್ರಿ, ದುರ್ಬೀನಿನಾಗ ತೋರಸ್ತೀನಿ."

"ಬ್ಯಾಡ. ನೀ ಹೇಳಿದ್ರ ಸಾಕು."

ಅವಳು ಕೊನೆಯ ಕಲ್ಲು ಇಟ್ಟು, ಸೆರಗಿನಿಂದ ಬೆವರೊರೆಸಿಕೊಂಡು ಮೇಲೆ ಹತ್ತಿ ಅವನ ಪಕ್ಕ ಕೂತಳು. ಊರ ಕಡೆಯಿಂದ ದನಗಳ ಹಿಂಡು ನೀರಿಗೆ ಬರುತ್ತಿತ್ತು. ಬಸವಣಪ್ಪ ಕೋಲು ಊರಿ ಎದ್ದ. ಹಿಂಡಿನ ಮುಂದೆ ನಡೆದು, ಅದನ್ನು ಗರಸಿನ ಪಟ್ಟಿಗೆ ಬಿಡದೆ ದೂರದ ಸುತ್ತುದಾರಿಯಲ್ಲಿ ನೀರಿಗೆ ಹೊಡೆದುಕೊಂಡು ಹೋದ.